ನಲವತ್ತು ದಿನದ ಬಾಗಿಲು

ಪಂಜಿಕಂತ್
ದೊರೆಯ ಆರನೆಯ ವರ್ಷ, ನವಸರ್ದ್ ತಿಂಗಳ ಇಪ್ಪತ್ತನೆಯ ದಿನ

ಮಗಳೇ ಫ್ರಿಯಾ,

ಈ ಪತ್ರ ತರುವವನು ನಿಮ್ಮಪ್ಪನೇ. ಕೈಗೆ ಕೊಡುವ ಮೊದಲು ಮುದ್ರೆ ಒತ್ತುತ್ತೇನೆ, ಏಕೆಂದರೆ ಇದರಲ್ಲಿ ಹೆಂಗಸರ ವಿಷಯವಿದೆ. ದಾರಿಯಲ್ಲಿ ಒಡೆದು ಓದಬೇಡ ಎಂದರೆ, "ನಾಲ್ಕು ತಿಂಗಳ ದಾರಿ, ಓದೋಕೆ ಬೇರೇನೂ ಇರಲ್ಲ ಕಣೆ" ಎಂದ. ಅವನ ಸ್ವಭಾವ ನಿನಗೆ ಗೊತ್ತಲ್ಲ.

ಈ ಸಲ ಒಂಟೆಗಳ ಮೇಲೆ ಇರುವುದೆಲ್ಲ ಗಂಧದ ಕೊರಡು. ಹಿಂದ್ ದೇಶದ ತೀರಾ ದಕ್ಷಿಣದ ಕಾಡಿನದಂತೆ. ಎಷ್ಟೋ ಕೈ ದಾಟಿ ನಮ್ಮ ಅಂಗಳಕ್ಕೆ ಬಂದಿದೆ. ನಿಮ್ಮ ಕೊಚೊ ಊರಿನ ವಿಹಾರದವರು ಕಂಡಕೂಡಲೇ ಮುಗಿಬೀಳುತ್ತಾರೆ ಎಂದು ನಿಮ್ಮಪ್ಪ ಹಿಗ್ಗಿದ್ದಾನೆ. ಮೂರು ದಿನದಿಂದ ಮನೆಯೆಲ್ಲ ಅದೇ ವಾಸನೆ, ರೊಟ್ಟಿಗೂ ಹತ್ತಿಕೊಂಡಿದೆ.

ಅವನಿಗೆ ವಯಸ್ಸಾಯಿತು. ಮೇಲಿನ ಸಾಲಿನಲ್ಲಿ ಉಳಿದಿರುವುದು ಮೂರೇ ಹಲ್ಲು. ಒಂಟೆ ಮೈಮೇಲೆ ಬಿದ್ದು ಮುರಿದ ಎಡಗಾಲು ಸೊಟ್ಟಗೆ ಕೂಡಿಕೊಂಡಿತಲ್ಲ, ಈಗ ಚಳಿ ಬಂದರೆ ಮಗುವಿನ ಹಾಗೆ ನರಳುತ್ತಾನೆ. ಇದೇ ಕೊನೆಯ ದಾರಿ ಎಂದು ಮಾತು ಕೊಟ್ಟಿದ್ದಾನೆ. ಮೊಮ್ಮಗುವಿನ ಮುಖ ನೋಡಿ ವಾಪಸು ಬಂದು ಮೂಲೆ ಹಿಡಿದು ಕೂರುತ್ತಾನಂತೆ. ನಂಬಿದ್ದೇನೆ.

ಈಗ ನಿನ್ನ ವಿಷಯ. ಹೆತ್ತ ಮೇಲೆ ನಲವತ್ತು ದಿನ ಬೇರೆ ಕೋಣೆಯಲ್ಲಿರಬೇಕು. ಬೆಂಕಿ ನೋಡಬಾರದು, ಕಿಟಕಿಯ ಸಂದಿಯಿಂದಲೂ ನೋಡಬಾರದು. ಹೊಗೆ ಕಂಡರೆ ಮುಖ ತಿರುಗಿಸು. ಬಾಣಂತಿಯ ಮೈಲಿಗೆಯ ಕಣ್ಣು ಬೆಂಕಿಗೆ ತಾಕಿದರೆ ಅದಕ್ಕೆ ನೋಯುತ್ತದೆ. ಕೋಣೆಗೆ ಸೂಲಗಿತ್ತಿಯೊಬ್ಬಳೇ ಬರಬೇಕು. ಮಗುವನ್ನೂ ಯಾರ ಕೈಗೂ ಕೊಡಬಾರದು, ನಿಮ್ಮಪ್ಪನ ಕೈಗೂ. ಅವನು ಬಾಗಿಲಲ್ಲಿ ನಿಂತು ಗೋಗರೆಯುತ್ತಾನೆ, ಕರಗಬೇಡ. ಅವನ ದಾರಿ ಕಾಯುತ್ತಲೇ ನನ್ನ ವಯಸ್ಸು ಕಳೆಯಿತು, ನಲವತ್ತು ದಿನ ಅವನೂ ಕಾಯಲಿ. ಮನೆಗೆ ಯಾರೇ ಬರಲಿ, ಯಾರೇ ಹೋಗಲಿ, ಹೊಸ್ತಿಲು ದಾಟಬೇಡ. ನನ್ನ ಮೇಲಾಣೆ.

ನಿನ್ನ ಗಂಡನ ಮನೆಯವರು ಬುದ್ಧನಿಗೆ ನಡೆದುಕೊಳ್ಳುವವರು, ನಗಬಹುದು. ನಗಲಿ ಬಿಡು. ನೀನು ಬೆಂಕಿಮನೆಯ ಪೂಜಾರಿಯ ಮೊಮ್ಮಗಳು. ಅಳಿಯ ಬುತಿಯಾನ್ ಯಾವ ದೇವರಿಗೆ ಕೈಮುಗಿದರೂ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂಬುದಷ್ಟೇ ನನಗೆ ಬೇಕಾದದ್ದು. ಮಗುವಿಗೆ ಉಣ್ಣೆಯ ಟೋಪಿ ಕಳಿಸಿದ್ದೇನೆ. ಒಣ ಜರ್ದಾಳು ನಿನಗೆ, ನಿಮ್ಮಪ್ಪ ದಾರಿಯಲ್ಲಿ ತಿಂದು ಮುಗಿಸದಿದ್ದರೆ.

ನಮ್ಮ ದೇವಿ ನಾನೈ ತಾಯಿ ನಿನ್ನನ್ನು ಕಾಯಲಿ.
ನಿನ್ನ ಅವ್ವ,
ರುಖ್ಶಾನ


ಕೊಚೊ
ಆರನೆಯ ವರ್ಷ, ಆವಾಂಚ್ ತಿಂಗಳ ಇಪ್ಪತ್ತೊಂದನೆಯ ದಿನ
(ಬರೆದು, ಕಳಿಸದೆ ಇಟ್ಟದ್ದು)

ಅವ್ವಾ,

ನಲವತ್ತು ದಿನ ನಿನ್ನೆಗೆ ಮುಗಿಯಿತು. ಗಂಡು ಮಗು. ನೀನು ಹೇಳಿದ್ದರಲ್ಲಿ ಒಂದನ್ನೂ ನಾನು ಬಿಡಲಿಲ್ಲ.

ಅಪ್ಪ ಬಂದು ಎಂಟು ದಿನಕ್ಕೆ ಹೆರಿಗೆಯಾಯಿತು. ನೀನು ಹೇಳಿದ ಹಾಗೇ ಬಾಗಿಲಲ್ಲಿ ಬಂದು ಕೂತ. "ಏನೇ ಪೂಜಾರಿ ಮೊಮ್ಮಗಳೇ, ಒಂದು ಕಿವಿನಾದ್ರೂ ತೋರಿಸೇ, ಯಾರ ಹಾಗಿದೆ ನೋಡ್ತೀನಿ" ಎಂದು ಗೋಗರೆದ. ನಾನು ಕರಗಲಿಲ್ಲ. ದಿನವೂ ಅಲ್ಲೇ ಬೆನ್ನು ಕೊಟ್ಟು ಕೂತು ಹರಟುತ್ತಿದ್ದ, ನಾನು ಈಚೆಯಿಂದ ಬೆನ್ನು ಕೊಟ್ಟು ಕೂತು ಹಾಲು ಕುಡಿಸುತ್ತಿದ್ದೆ. ದಾರಿಯಲ್ಲಿ ಸಿಕ್ಕಿದ ದೇವರಿಗೆಲ್ಲ ಕೈಮುಗಿದುಕೊಂಡು ಬಂದನಂತೆ. "ಯಾವ ದೇವ್ರ ಬಾವೀಲಿ ನೀರಿದೆಯೋ ಯಾರಿಗ್ ಗೊತ್ತು. ನಿಮ್ಮವ್ವಂಗೆ ಹೇಳ್ಬೇಡ" ಎಂದ.

ಆರನೆಯ ದಿನ ನೀನು ಕಳಿಸಿದ ಜರ್ದಾಳು ಕಚ್ಚಿ ಅವನದೊಂದು ಹಲ್ಲು ಬಿತ್ತು. ಬಾಗಿಲ ಕೆಳಗಿನ ಸಂದಿಯಿಂದ ಅದನ್ನು ನನ್ನ ಕಡೆ ತಳ್ಳಿದ. "ನಿನ್ನ ಮಗನಿಗೆ ಹಲ್ಲಿಲ್ಲ ಅಂದ್ಯಲ್ಲ, ತಗೋ ನಂದು. ಅವನದು ಬರೋವರೆಗೂ ಇಟ್ಕೊಳ್ಲಿ." ನಾನು ನಕ್ಕು ನಕ್ಕು ಮಗುವಿಗೆ ಎಚ್ಚರವಾಯಿತು.

ಎಂಟನೆಯ ದಿನಕ್ಕೆ ಅವನಿಗೆ ಚಳಿಜ್ವರ ಹತ್ತಿತು. ಹತ್ತನೆಯ ದಿನ ಬಾಗಿಲಿಗೆ ಬರಲಿಲ್ಲ, ಮುಂದಿನ ಕೋಣೆಯಿಂದ ಕೆಮ್ಮು ಕೇಳುತ್ತಿತ್ತು. ಹನ್ನೆರಡನೆಯ ದಿನ ಕೆಮ್ಮೂ ನಿಂತಿತು. ಸೂಲಗಿತ್ತಿಯನ್ನು ಕೇಳಿದೆ. "ವಿಹಾರದಲ್ಲಿ ವೈದ್ಯ ಭಿಕ್ಷುಗಳಿದ್ದಾರಲ್ಲ, ಅಲ್ಲಿಗೆ ಕರ್ಕೊಂಡ್ ಹೋದ್ರು. ಹುಷಾರಾಗ್ತಿದ್ದಾರೆ" ಎಂದಳು. ನಂಬಿದೆ.

ಮಾರನೆಯ ದಿನ ಮಧ್ಯಾಹ್ನ ಕಿಟಕಿಯಿಂದ ಗಂಧದ ವಾಸನೆ ಬಂತು. ನಾನು ಹುಟ್ಟಿದಂದಿನಿಂದ ಅಷ್ಟು ಗಂಧದ ವಾಸನೆ ಕಂಡಿಲ್ಲ. ವಿಹಾರದಲ್ಲಿ ಏನೋ ಹಬ್ಬ ಇರಬೇಕು, ಅಪ್ಪನ ಸರಕು ಮಾರಾಟವಾಗಿದೆ ಎಂದು ಖುಷಿಯಾಯಿತು. ತೋಪಿನ ಮೇಲೆ ಹೊಗೆ ಕಾಣುತ್ತಿತ್ತು. ನಿನ್ನ ಮಾತು ನೆನಪಾಗಿ ನಾನು ಮುಖ ತಿರುಗಿಸಿದೆ. ಆದರೆ ಮಗುವನ್ನು ಕಿಟಕಿಗೆ ಎತ್ತಿ ಹಿಡಿದೆ. "ನೋಡು ಕಂದಾ, ಎಷ್ಟು ಚೆಂದದ ವಾಸನೆ. ತಾತ ತಂದಿದ್ದು" ಅಂದೆ.

ಅವ್ವಾ, ನಾನು ಹಾಗೆ ಅಂದೆ.

ನಿನ್ನೆ ಮಗುವಿಗೆ ಸ್ನಾನ ಮಾಡಿಸಿ, ನೀನು ಕಳಿಸಿದ ಟೋಪಿ ಹಾಕಿ, ಎತ್ತಿಕೊಂಡು ಹೊರಗೆ ಬಂದೆ. "ಅಪ್ಪ ಎಲ್ಲಿ?" ಎಂದೆ. ಅತ್ತೆ ಹೇಳಿದರು, "ಬಾಣಂತಿಗೆ ಹೇಳಿದ್ರೆ ಹಾಲು ಬತ್ತುತ್ತೆ ಅಂತ ನಾನೇ ಬೇಡ ಅಂದೆ ತಾಯಿ. ನನ್ನನ್ನ ಬಯ್ಯಿ." ಇಪ್ಪತ್ತೆಂಟು ದಿನ ಇಡೀ ಮನೆ ನನ್ನ ಹಾಲಿಗಾಗಿ ಬಾಯಿ ಕಟ್ಟಿಕೊಂಡಿತ್ತು.

ನಿನ್ನ ಅಳಿಯ ನನ್ನ ಕಾಲ ಹತ್ತಿರ ಕೂತು ಅತ್ತರು. "ಮಾವ ನನ್ನ ಕೈಲಿ ನೀರು ಕುಡಿದು ಕಣ್ಮುಚ್ಚಿದ್ರು. ಗುಡ್ಡದ ಮೇಲಿಡಬೇಕು, ನಾಯಿ ಹದ್ದು ತಿನ್ಬೇಕು, ಅದು ನಿಮ್ಮ ಪದ್ಧತಿ, ನಂಗೊತ್ತು. ಹೊತ್ಕೊಂಡು ಗುಡ್ಡದ ಬುಡದವರೆಗೂ ಹೋದೆ. ನಾಯಿಗಳು ಎದ್ದು ನಿಂತ್ವು. ಕೈಯಾರೆ ಅವರನ್ನ ನಾಯಿಗೆ ಹೆಂಗ್ ಹಾಕ್ಲಿ ಫ್ರಿಯಾ? ವಾಪಸ್ ತಂದೆ. ನಮ್ಮಲ್ಲಿ ದೊಡ್ಡ ಗುರುಗಳಿಗೆ ಮಾಡೋ ಹಾಗೆ ಮಾಡ್ದೆ. ಅವರದೇ ಗಂಧ, ಒಂದು ತುಂಡೂ ಉಳಿಸ್ಲಿಲ್ಲ."

ಬೆಂಕಿ ಎಂದರೆ ದೇವರ ಮಗ, ಹೆಣ ಸೋಕಿದರೆ ಅದು ನರಳುತ್ತದೆ ಎಂದು ನೀನು ನನಗೆ ತೊಟ್ಟಿಲಲ್ಲೇ ಹೇಳಿಕೊಟ್ಟೆ. ಅಪ್ಪನನ್ನೇ ಅದರ ಬಾಯಿಗೆ ಹಾಕಿದರು. ಸತ್ತವರೆಲ್ಲ ದಾಟಬೇಕಾದ ಆ ಸೇತುವೆಯನ್ನು ಇನ್ನು ಅಪ್ಪ ಹೇಗೆ ದಾಟುತ್ತಾನೆ? ನಾನು ಒಂದು ಸಲ ಬಾಗಿಲು ತೆಗೆದಿದ್ದರೆ, ಒಂದು ಸಲ ಆ ಹೊಗೆಯ ಕಡೆ ನೋಡಿದ್ದರೆ

ಬರೆಯಲಾರೆ.


ಕೊಚೊ
ಆರನೆಯ ವರ್ಷ, ಫೂಗ್ ತಿಂಗಳ ಐದನೆಯ ದಿನ

ಅವ್ವಾ,

ಗಟ್ಟಿ ಮನಸ್ಸು ಮಾಡಿಕೊಂಡು ಓದು. ಹತ್ತಿರ ಸೋದರಮಾವನನ್ನು ಕೂರಿಸಿಕೋ. ಅಪ್ಪ ಹೋದ. ಚಳಿಜ್ವರದಲ್ಲಿ, ಐದೇ ದಿನ. ಹೆಚ್ಚು ನರಳಲಿಲ್ಲ. ಬುತಿಯಾನ್ ಪಕ್ಕದಲ್ಲೇ ಇದ್ದರು.

ನಾನು ಬಾಣಂತಿ ಕೋಣೆಯಲ್ಲಿದ್ದೆ. ನಿನ್ನ ಆಣೆ ಮೀರಲಿಲ್ಲ.

ಎಲ್ಲವೂ ನಮ್ಮ ಪದ್ಧತಿಯಂತೆ ಆಯಿತು. ನಾಯಿಗೆ ಮುಖ ತೋರಿಸಿ ಗುಡ್ಡದ ಮೇಲೆ ಇಟ್ಟಿದ್ದಾರೆ. ವರ್ಷ ಕಳೆದ ಮೇಲೆ ಮೂಳೆ ಆಯ್ದು ಕಳಿಸುತ್ತೇನೆ.

ಗಂಡು ಮಗು. ಯಾನಕ್ ಎಂದು ಅಪ್ಪನ ಹೆಸರನ್ನೇ ಇಟ್ಟಿದ್ದೇವೆ.

ಫ್ರಿಯಾ


ಪಂಜಿಕಂತ್
ಏಳನೆಯ ವರ್ಷ, ನಿಸನ್ ತಿಂಗಳ ಎರಡನೆಯ ದಿನ

ಮಗಳೇ,

ನಿನ್ನ ಪತ್ರ ಸಾರ್ಥವಾಹ ವರ್ಝಕ್‌ನ ಕೈಯಲ್ಲಿ ಬಂತು. ಅವನು ಅಂಗಳದಲ್ಲಿ ತಲೆ ತಗ್ಗಿಸಿ ನಿಂತದ್ದು ನೋಡಿಯೇ ನನಗೆ ಗೊತ್ತಾಯಿತು, ಮುದ್ರೆ ಒಡೆಯುವ ಮೊದಲೇ. ಮುಖ ಪರಚಿಕೊಂಡು ಅತ್ತೆ, ಕೂದಲು ಕತ್ತರಿಸಿಕೊಂಡೆ. ಈಗ ಅದೆಲ್ಲ ಮುಗಿದು ಮಾಡುವ ಕೆಲಸ ಮಾಡುತ್ತಿದ್ದೇನೆ.

ಅಳಬೇಡ. ಬಾಣಂತಿ ಅಳಬಾರದು. ನೀನು ಹೊಸ್ತಿಲು ದಾಟದೆ ಕೂತಿದ್ದು ಕೇಳಿ ಎದೆ ತುಂಬಿತು. ನಿಮ್ಮಪ್ಪ ಆಚೆ ಸಾಯುತ್ತಿದ್ದಾಗ ಈಚೆ ಕೂತಿರುವುದು ಸುಲಭದ ಮಾತಲ್ಲ. ಬೆಂಕಿಮನೆಯಲ್ಲಿ ಪೂಜೆಗೆ ನಿಂತಿದ್ದ ನಿಮ್ಮ ಸೋದರಮಾವನ ಮುಂದೆ ಹೇಳಿದೆ, "ದೂರದೂರಲ್ಲಿದ್ರೂ ನನ್ನ ಮಗಳು ನಿಯಮ ಬಿಡಲಿಲ್ಲ ಕಣೋ" ಎಂದು. ಅವನೂ ಹೌದೆಂದ.

ಮೂಳೆಪೆಟ್ಟಿಗೆಗೆ ಹೇಳಿದ್ದೇನೆ. ಕುಂಬಾರನ ಜೊತೆ ಜಗಳವೇ ಆಯಿತು. ಇಬ್ಬರಿಗಾಗುವಷ್ಟು ದೊಡ್ಡದು, ನಡುವೆ ತೆಳುವಾದ ಗೋಡೆ, ಒಂದೇ ಮುಚ್ಚಳ ಎಂದೆ. "ಅಷ್ಟು ದೊಡ್ಡದು ಆವಿಗೆಯಲ್ಲಿ ಸೀಳುತ್ತೆ ಅಮ್ಮಾ" ಎಂದ. ಸೀಳಿದರೆ ಇನ್ನೊಂದು ಮಾಡು ಎಂದೆ. ಪೆಟ್ಟಿಗೆಯ ಉದ್ದ ತೊಡೆಮೂಳೆಯ ಅಳತೆಗೆ ಇರಬೇಕಂತೆ. ನಿಮ್ಮಪ್ಪನ ಹಳೆಯ ಇಜಾರ ಒಯ್ದು ಕೊಟ್ಟೆ. ಅವನು ಗೇಣು ಹಾಕಿ ನೋಡಿ, "ಯಜಮಾನ್ರು ಕುಳ್ಳಗಿದ್ರು ಅಲ್ವಾ" ಎಂದ. "ಒಂಟೆ ಮೇಲೆ ಕೂತಾಗ ಎತ್ತರವೇ ಇದ್ದ" ಎಂದೆ. ಇಬ್ಬರೂ ನಕ್ಕೆವು. ಆಮೇಲೆ ನಾನು ಅವನ ಅಂಗಡಿಯಲ್ಲೇ ಕೂತು ಅತ್ತೆ.

ಮುಚ್ಚಳದ ಮೇಲೆ ಏನು ಮೂಡಿಸಲಿ ಎಂದು ಕೇಳಿದ. ನಾನೈ ತಾಯಿ ಸಿಂಹದ ಮೇಲೆ, ನಾಲ್ಕು ಕೈ, ಸೂರ್ಯ ಚಂದ್ರ. ಕೆಳಗೆ ಒಂದು ಒಂಟೆ. ಒಂಟೆ ಪದ್ಧತಿಯಲ್ಲಿಲ್ಲ, ನಿಮ್ಮಪ್ಪನಿಗಾಗಿ.

ಮಗುವಿಗೆ ಹಲ್ಲು ಬಂದಿರಬೇಕಲ್ಲ. ಅಪ್ಪನ ಹಾಗಿದ್ದಾನೋ ಹೇಗೆ, ಅದನ್ನೇ ಬರೆದಿಲ್ಲ ನೀನು.

ನಿನ್ನ ಅವ್ವ


ಕೊಚೊ
ಏಳನೆಯ ವರ್ಷ, ಫಗಕಾನ್ ತಿಂಗಳ ಹನ್ನೊಂದನೆಯ ದಿನ

ಅವ್ವಾ,

ಪೆಟ್ಟಿಗೆಗೆ ಅಷ್ಟೆಲ್ಲ ಮಾಡಬೇಡ. ಸಾದಾ ಇದ್ದರೆ ಸಾಕಲ್ಲವೇ.

ಈ ವರ್ಷ ಕಳಿಸಲು ಆಗಲಿಲ್ಲ. ಗುಡ್ಡದ ಕಾವಲುಗಾರ ಇನ್ನೊಂದು ಬೇಸಿಗೆ ಕಳೆಯಲಿ ಎನ್ನುತ್ತಾನೆ. ಇಲ್ಲಿ ಗಾಳಿ ಬಹಳ.

ಮಗುವಿಗೆ ನಾಲ್ಕು ಹಲ್ಲು ಬಂದಿವೆ. ಕಿವಿ ಅಪ್ಪನದೇ.

ಫ್ರಿಯಾ


ಪಂಜಿಕಂತ್
ಏಳನೆಯ ವರ್ಷ, ಕ್ಷೂಮ್ ತಿಂಗಳ ಇಪ್ಪತ್ತೆಂಟನೆಯ ದಿನ

ಮಗಳೇ,

ನಾಲ್ಕು ಸಾಲು ಬರೆಯಲು ನಾಲ್ಕು ತಿಂಗಳ ದಾರಿ ದಾಟಿಸಬೇಕಿತ್ತೇ? ಮೊದಲೆಲ್ಲ ನೀನು ಬರೆದರೆ ಓದಲು ಅರ್ಧ ದಿನ ಹಿಡಿಯುತ್ತಿತ್ತು. ಅಪ್ಪ ಹೋದ ಮೇಲೆ ನಿನ್ನ ಮಾತೂ ಹೋಯಿತೇ?

ಹಿರಿಯರಿಗೆ ಎಡೆ ಇಡುವ ತಿಂಗಳು ಇದು. ಊರೆಲ್ಲ ಗೋರಿಮನೆಗಳಿಗೆ ಹೋಗಿ ತಮ್ಮವರ ಪೆಟ್ಟಿಗೆಗಳ ಮುಂದೆ ಅತ್ತು, ಊಟ ಇಟ್ಟು ಬಂತು. ನಾನು ಖಾಲಿ ಪೆಟ್ಟಿಗೆಯ ಮುಂದೆ ಇಟ್ಟೆ. ದ್ರಾಕ್ಷಾರಸ, ಕುರಿಮಾಂಸ, ನೆನೆಸಿದ ರೊಟ್ಟಿ. ಪಕ್ಕದ ಮನೆಯ ಮುದುಕಿ ಕೇಳಿದಳು, "ಇನ್ನೂ ಬಂದಿಲ್ವೇನೇ ನಿನ್ನ ಗಂಡ? ಬದುಕಿದ್ದಾಗ್ಲೂ ತಡ, ಸತ್ತ ಮೇಲೂ ತಡ." ತಮಾಷೆಗೇ ಅಂದದ್ದು. ನನಗೆ ನಗು ಬರಲಿಲ್ಲ.

ನನ್ನ ಮೊಣಕಾಲು ಕೈ ಕೊಟ್ಟಿದೆ, ಕಣ್ಣೂ ಮಂಜು. ಬರುವ ವರ್ಷ ಈ ಹೊತ್ತಿಗೆ ಇರುತ್ತೇನೋ ಇಲ್ಲವೋ. ಅವನು ನನ್ನ ಪಕ್ಕದಲ್ಲಿ ಬಂದು ಮಲಗಿದ್ದಾನೆ ಎಂದು ಕಣ್ಣಾರೆ ನೋಡಿ ಹೋಗುತ್ತೇನೆ, ಅಷ್ಟೇ ನನ್ನ ಆಸೆ. ಬೇರೇನೂ ಕೇಳುವುದಿಲ್ಲ ನಿನ್ನನ್ನು.

ಬೇಗ ಕಳಿಸು.
ಅವ್ವ


ಕೊಚೊ
ಎಂಟನೆಯ ವರ್ಷ, ಬಸಾಕ್ ತಿಂಗಳ ಮೂವತ್ತನೆಯ ದಿನ

ಅವ್ವಾ,

ವರ್ಝಕ್‌ನ ಕೈಯಲ್ಲಿ ತೊಗಲಿನ ಚೀಲ ಕಳಿಸಿದ್ದೇನೆ. ಎರಡು ಪದರ ಉಣ್ಣೆಯಲ್ಲಿ ಸುತ್ತಿದೆ. ನೀನು ಬಿಚ್ಚಬೇಡ. ಮಾವನ ಕೈಯಲ್ಲಿ ಪೆಟ್ಟಿಗೆಗೆ ಹಾಕಿಸಿ ಮುಚ್ಚಳ ಮುಚ್ಚಿಸಿಬಿಡು. ನಿನ್ನ ಕಣ್ಣು ಮಂಜು ಎಂದಿದ್ದೀಯಲ್ಲ, ಸುಮ್ಮನೆ ದಣಿಯಬೇಡ.

ಫ್ರಿಯಾ


ಪಂಜಿಕಂತ್
ಎಂಟನೆಯ ವರ್ಷ, ಫೂಗ್ ತಿಂಗಳ ಇಪ್ಪತ್ತನೆಯ ದಿನ

ಫ್ರಿಯಾ,

ಚೀಲ ಬಂತು. ಊರ ಬಾಗಿಲವರೆಗೆ ನಡೆದುಹೋಗಿ ನಾನೇ ಎದುರುಗೊಂಡೆ. ಮೊಣಕಾಲು ಆವತ್ತು ನೋಯಲಿಲ್ಲ. ವರ್ಝಕ್‌ನನ್ನು ಊಟಕ್ಕೆ ಕೂರಿಸಿ, ಚೀಲವನ್ನು ನಿಮ್ಮಪ್ಪ ಕೂರುತ್ತಿದ್ದ ಜಾಗದಲ್ಲಿಟ್ಟು, ಅದರ ಜೊತೆ ಮಾತಾಡಿದೆ. ಬಯ್ದೆ. ಕೊನೆಯ ದಾರಿ ಎಂದವನು ಮೂರನೆಯ ವರ್ಷಕ್ಕೆ ಬಂದೆಯಲ್ಲ ಎಂದೆ. ನನಗೆ ಎಷ್ಟು ಸಂತೋಷವಾಯಿತು ಎಂದು ನಿನಗೆ ತಿಳಿದಿರಲಿ ಎಂದೇ ಇಷ್ಟು ಬರೆದೆ.

ಮಾರನೆಯ ದಿನ ಬಿಚ್ಚಿದೆ. ಬಿಚ್ಚಬೇಡ ಎಂದರೆ ನಾನು ಕೇಳುವವಳೇ? ನನ್ನ ಗಂಡನ ಮೂಳೆ ನಾನು ತೊಳೆಯದೆ ಮತ್ಯಾರು ತೊಳೆಯಬೇಕು?

ತೊಡೆಮೂಳೆ ಪೆಟ್ಟಿಗೆಯಲ್ಲಿ ಹಿಡಿಯಲಿಲ್ಲ. ನಾಲ್ಕು ಬೆರಳು ಹೆಚ್ಚು. ಕುಂಬಾರ ತಪ್ಪಿದ ಎಂದುಕೊಂಡೆ. ಆಮೇಲೆ ಎಡಗಾಲಿನ ಮೂಳೆ ಕೈಗೆ ತೆಗೆದುಕೊಂಡೆ. ಬಿದಿರಿನ ಹಾಗೆ ನೇರ. ಮೂವತ್ತೆಂಟು ವರ್ಷ ಆ ಕಾಲಿಗೆ ಎಣ್ಣೆ ತಿಕ್ಕಿದವಳು ನಾನು. ಅದರ ಸೊಟ್ಟು ಎಲ್ಲಿ ಶುರುವಾಗುತ್ತದೆ, ಗಂಟು ಎಲ್ಲಿದೆ, ಕಣ್ಣು ಪೂರಾ ಹೋದರೂ ನನ್ನ ಹೆಬ್ಬೆರಳಿಗೆ ಗೊತ್ತು. ತಲೆಬುರುಡೆ ಎತ್ತಿ ನೋಡಿದೆ. ಎಲ್ಲ ಹಲ್ಲೂ ಇವೆ. ಚೆಂದದ ಹಲ್ಲು. ಇಪ್ಪತ್ತೈದು ದಾಟಿಲ್ಲ ಪಾಪ.

ನಿಮ್ಮ ಮಾವನಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಮುಚ್ಚಳ ಮುಚ್ಚದ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿ ಕೂತಿದ್ದೇನೆ.

ಈ ಹುಡುಗ ಯಾರು? ನನ್ನ ಗಂಡ ಎಲ್ಲಿ?

ರುಖ್ಶಾನ


ಕೊಚೊ
ಒಂಬತ್ತನೆಯ ವರ್ಷ, ನಿಸನ್ ತಿಂಗಳ ಮೊದಲನೆಯ ದಿನ

ಅವ್ವಾ,

ಇದರ ಜೊತೆ ಇನ್ನೊಂದು ಪತ್ರವಿದೆ. ನಲವತ್ತು ದಿನ ಮುಗಿದ ಮಾರನೆಯ ದಿನ ಬರೆದದ್ದು. ಎರಡೂವರೆ ವರ್ಷ ಮಗುವಿನ ತೊಟ್ಟಿಲ ಕೆಳಗಿತ್ತು. ಮೊದಲು ಅದನ್ನು ಓದು, ಆಮೇಲೆ ಇದನ್ನು ಓದು, ಓದುವ ಮನಸ್ಸಿದ್ದರೆ.

ಆ ಹುಡುಗ ಚಾಚ್ ಸೀಮೆಯ ಕಡೆಯವನು, ಒಂಟೆಯಾಳು. ಹೆಸರು ಕಾವಲುಗಾರನಿಗೂ ಗೊತ್ತಿಲ್ಲ. ಎರಡು ವರ್ಷದ ಹಿಂದೆ ದಾರಿಯಲ್ಲಿ ಸತ್ತವನನ್ನು ಸಂಗಡಿಗರು ಗುಡ್ಡದ ಮೇಲಿಟ್ಟು ಹೋದರಂತೆ, ಕೇಳಿಕೊಂಡು ಯಾರೂ ಬರಲಿಲ್ಲವಂತೆ. ನಾನೇ ಗುಡ್ಡ ಹತ್ತಿ ಆಯ್ದೆ. ನೀನು ಇನ್ನು ಬದುಕುವುದಿಲ್ಲ ಎಂದು ಬರೆದೆಯಲ್ಲ. ಬರಿಗೈಯಲ್ಲಿ ನಿನ್ನನ್ನು ಕಳಿಸಲಾರದೆ ಹೀಗೆ ಮಾಡಿದೆ. ಅಪ್ಪನ ಕಾಲು ನನಗೆ ಮರೆತಿರಲಿಲ್ಲ ಅವ್ವಾ, ನಿನ್ನ ಕಣ್ಣನ್ನು ನಂಬಿಕೊಂಡೆ.

ಬೂದಿಯನ್ನು ಬುತಿಯಾನ್ ತೊರೆಯ ಹತ್ತಿರ ಒಂದು ಸಣ್ಣ ಮಣ್ಣಿನ ಸ್ತೂಪ ಕಟ್ಟಿ ಅದರೊಳಗೆ ಇಟ್ಟಿದ್ದಾರೆ. ನಿನ್ನ ಮೊಮ್ಮಗ ದಿನವೂ ಅದನ್ನು ಸುತ್ತುತ್ತಾನೆ. ಬೇಡ ಎನ್ನಲು ನನಗೆ ಬಾಯಿಲ್ಲ. ಸುಟ್ಟದ್ದು ನಮ್ಮಲ್ಲಿ ಎಂಥ ಪಾಪವೆಂದು ಬುತಿಯಾನ್‌ಗೆ ನಾನು ಇವತ್ತಿಗೂ ಹೇಳಿಲ್ಲ. ಆ ದಿನ ಅವರು ಅತ್ತದ್ದು ನೋಡಿದವಳಿಗೆ ಹೇಳಲು ಬರಲಿಲ್ಲ.

ಅಪ್ಪನದು ಎಂದು ಬೆಂಕಿ ಮುಟ್ಟದೆ ಉಳಿದದ್ದು ಒಂದೇ ಒಂದು. ಬಾಗಿಲ ಕೆಳಗಿನಿಂದ ತಳ್ಳಿದ ಹಲ್ಲು. ಪತ್ರದ ಮಡಿಕೆಯಲ್ಲಿ ಹೊಲಿದು ಕಳಿಸಿದ್ದೇನೆ. ನಿಧಾನವಾಗಿ ಬಿಚ್ಚು.

ನನ್ನನ್ನು ಬಯ್ಯಿ, ಶಪಿಸು, ಬರೆಯುವುದನ್ನು ಮಾತ್ರ ನಿಲ್ಲಿಸಬೇಡ.

ಫ್ರಿಯಾ


ಪಂಜಿಕಂತ್
ಒಂಬತ್ತನೆಯ ವರ್ಷ, ಕ್ಷೂಮ್ ತಿಂಗಳ ಇಪ್ಪತ್ತೊಂಬತ್ತನೆಯ ದಿನ

ಮಗಳೇ ಫ್ರಿಯಾ,

ನಿನ್ನ ಪತ್ರ ತಲುಪಿ ಐದು ತಿಂಗಳಾಯಿತು. ಎರಡು ಸಾರ್ಥಗಳು ನಿನ್ನ ಕಡೆಗೆ ಹೊರಟವು, ಎರಡರಲ್ಲೂ ಏನೂ ಕಳಿಸಲಿಲ್ಲ. ನೀನು ದಾರಿ ನೋಡಿರುತ್ತೀಯ. ಮೊದಲ ಸಲ ಬೇಕೆಂದೇ ಕಳಿಸಲಿಲ್ಲ. ಎರಡನೆಯ ಸಲ ಬರೆಯಲು ಕೂತೆ, ಆಗಲಿಲ್ಲ.

ಅಳಿಯನನ್ನು ಶಪಿಸಬೇಕು ಎಂದಿದ್ದೆ. ಬೈಗುಳಕ್ಕೇನೂ ಬರವಿಲ್ಲ ನನಗೆ. ಆದರೆ ಪ್ರತಿ ಸಲವೂ ಆ ಮನುಷ್ಯ ಕುಳ್ಳ ಮುದುಕನೊಬ್ಬನನ್ನು ಬೆನ್ನ ಮೇಲೆ ಹೊತ್ತು ಗುಡ್ಡದ ಬುಡದಿಂದ ವಾಪಸು ಬರುವುದು ಕಣ್ಣ ಮುಂದೆ ಬರುತ್ತದೆ. ನಾನು ನನ್ನ ಅಪ್ಪನನ್ನು ಗುಡ್ಡಕ್ಕೆ ಕಳಿಸಿದಾಗ ಹಿಂತಿರುಗಿ ನೋಡಲಿಲ್ಲ, ನೋಡಬಾರದು ಎಂದಿದ್ದರು. ಅವನು ನೋಡಿದ. ನಾಯಿ ಎದ್ದು ನಿಂತದ್ದನ್ನೂ ನೋಡಿದ. ಅವನಿಗೆ ಏನೂ ಹೇಳಬೇಡ. ಇದನ್ನು ನಾವಿಬ್ಬರೇ ಹೊರೋಣ.

ನಿಮ್ಮ ಮಾವನನ್ನು ಕೇಳಿದೆ, ಬೇರೆ ಯಾರದೋ ಕಥೆ ಎನ್ನುವ ಹಾಗೆ. "ಸುಟ್ಟವರಿಗೆ ಸೇತುವೆ ಇಲ್ಲ ಅಕ್ಕಾ" ಎಂದ. "ಸುಟ್ಟಿದ್ದು ಬೇರೆಯವರು ಕಣೋ, ಸತ್ತವನೇನು ಮಾಡಿದ?" ಎಂದೆ. "ಶಾಸ್ತ್ರ ನಾನು ಮಾಡಿದ್ದಲ್ಲವಲ್ಲ" ಎಂದು ಬೆಂಕಿಗೆ ಸೌದೆ ಹಾಕಿದ. ಯಾರ ಕಥೆ ಎಂದು ಅವನಿಗೆ ಗೊತ್ತಾಯಿತು ಎಂದೇ ಕಾಣುತ್ತದೆ, ಏಕೆಂದರೆ ಬಾಗಿಲವರೆಗೂ ಬಂದು ನನ್ನ ಕೈ ಹಿಡಿದುಕೊಂಡು ನಿಂತ. ಚಿಕ್ಕವನಿದ್ದಾಗಿನಿಂದ ಅವನು ಹಾಗೆ ಮಾಡಿದ್ದಿಲ್ಲ.

ಸೇತುವೆ ಇಲ್ಲದಿದ್ದರೆ ಇಲ್ಲ. ನಾನು ಸತ್ತ ಮೇಲೆ ಅಲ್ಲಿಗೆ ಹೋಗಿ ಈಚೆ ದಡದಲ್ಲಿ ಕೂರುತ್ತೇನೆ. ಅವನು ಬರದೆ ನಾನು ದಾಟುವುದಿಲ್ಲ. ಅವನನ್ನು ಕಾಯುವುದು ನನಗೇನೂ ಹೊಸದಲ್ಲ.

ಚಾಚ್‌ನ ಹುಡುಗನಿಗೆ ಉದ್ದದ ಪೆಟ್ಟಿಗೆ ಮಾಡಿಸಿದೆ. ಕುಂಬಾರ ಏನೂ ಕೇಳಲಿಲ್ಲ. ಮೂಳೆಗಳನ್ನು ನಾನೇ ತೊಳೆದೆ, ಒಂದೊಂದನ್ನೂ. ಚಾಚ್ ಕಡೆ ಹೋಗುವವರಿಗೆಲ್ಲ ಹೇಳಿ ಕಳಿಸುತ್ತಿದ್ದೇನೆ: ಎತ್ತರದ ಹುಡುಗ, ಒಳ್ಳೆಯ ಹಲ್ಲು, ಪೂರ್ವದ ದಾರಿಗೆ ಹೋದವನು, ಇಲ್ಲಿದ್ದಾನೆ ಎಂದು. ಯಾವಳೋ ಒಬ್ಬಳು ಬಾಗಿಲು ನೋಡುತ್ತಾ ಕೂತಿರುತ್ತಾಳೆ. ನೀನು ಮಾಡಿದ್ದು ತಪ್ಪೇ ಮಗಳೇ, ಆದರೆ ಗುಡ್ಡದ ಮೇಲೆ ಗಾಳಿಗೆ ಬಿದ್ದಿದ್ದವನಿಗೆ ಒಂದು ಮನೆ ಸಿಕ್ಕಿತು.

ಹಲ್ಲು ತಲುಪಿತು. ಹೊಲಿಗೆ ಬಿಚ್ಚುವಾಗ ಕೈಜಾರಿ ನೆಲಕ್ಕೆ ಬಿತ್ತು, ಮೊಣಕಾಲೂರಿ ಹುಡುಕಿದೆ. ಎಡಗಡೆಯ ಹಲ್ಲು ಅದು, ಮೂಲೆ ಒಡೆದದ್ದು. ಮದುವೆಯಾದ ವರ್ಷ ನಾನು ಮಾಡಿದ ರೊಟ್ಟಿಯಲ್ಲಿ ಕಲ್ಲು ಸಿಕ್ಕಿ ಒಡೆದಿತ್ತು. ಊರಿಗೆಲ್ಲ ಹೇಳಿಕೊಂಡು ನಗಾಡಿದ್ದ. ಇದು ಅವನೇ.

ನಿನ್ನೆ ಪೆಟ್ಟಿಗೆಯ ಅವನ ಪಾಲಿನ ಅರ್ಧದಲ್ಲಿ ಇಟ್ಟೆ. ಅಷ್ಟು ದೊಡ್ಡ ಪೆಟ್ಟಿಗೆ, ಅದರಲ್ಲಿ ಒಂದು ಹಲ್ಲು. ಮೂಲೆಗೆ ಉರುಳಿಹೋಯಿತು. ಕಾಣಿಸಲಿಲ್ಲ. ಕೈ ಹಾಕಿ ತಡಕಿ ನಡುವೆ ಇಟ್ಟು, ಸುತ್ತ ಉಣ್ಣೆ ಒತ್ತಿದೆ. ನೆನೆಸಿದ ರೊಟ್ಟಿ, ದ್ರಾಕ್ಷಾರಸ ಎಡೆ ಇಟ್ಟೆ. ಪಕ್ಕದ ಮನೆಯ ಮುದುಕಿ ಬಂದು, "ಅಂತೂ ಬಂದ್ನಲ್ಲ" ಎಂದಳು. ಹೂಂ ಬಂದ ಎಂದೆ.

ಬೆಂಕಿಮನೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಮೊಣಕಾಲು ನೋವು ಎಂದು ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಅದರ ಮುಖ ನೋಡಲು ನನ್ನಿಂದಾಗುವುದಿಲ್ಲ. ಅಡುಗೆಯ ಒಲೆಗೂ ಬೆನ್ನು ಹಾಕಿಯೇ ಕೂರುತ್ತೇನೆ. ನೀನು ನಲವತ್ತು ದಿನ ಮಾಡಿದ್ದನ್ನು ನಾನು ಉಳಿದ ದಿನವೆಲ್ಲ ಮಾಡುತ್ತೇನೆ.

ನಿನ್ನ ಹಳೆಯ ಪತ್ರದಲ್ಲಿ ಒಂದು ಮಾತು ಅರ್ಧಕ್ಕೆ ನಿಂತಿದೆ. ಬಾಗಿಲು ತೆಗೆದಿದ್ದರೆ, ಹೊಗೆಯ ಕಡೆ ನೋಡಿದ್ದರೆ ಎಂದು ಬರೆದು ಬಿಟ್ಟಿದ್ದೀಯ. ಅದನ್ನು ನೀನು ಇನ್ನು ಬರೆಯಬೇಡ, ನೆನೆಯಲೂ ಬೇಡ. ಆಣೆ ಇಟ್ಟವಳು ನಾನು. ಇಟ್ಟದ್ದೂ ಸಾಲದೆಂದು ಅದನ್ನು ಮುದ್ರೆ ಒತ್ತಿ ಅವನ ಕೈಯಲ್ಲೇ ಕೊಟ್ಟು ಕಳಿಸಿದೆ. ನಾಲ್ಕು ತಿಂಗಳು ಎದೆಯ ಹತ್ತಿರ ಇಟ್ಟುಕೊಂಡು ಹೊತ್ತು ತಂದ ಪಾಪ, ಒಡೆದು ಓದಲಿಲ್ಲ.

ಮಗುವನ್ನು ಕಿಟಕಿಗೆ ಎತ್ತಿ ಹಿಡಿದದ್ದಕ್ಕೂ ಅಳಬೇಡ. ತಾತ ಮೊಮ್ಮಗ ಎದುರಾದದ್ದು ಆ ಒಂದೇ ಸಲ. ಅದನ್ನಾದರೂ ನೀನು ಮಾಡಿಸಿದೆ.

ಹುಡುಗನಿಗೆ ಈಗ ಮಾತು ಬಂದಿರಬೇಕು. ಸ್ತೂಪ ಸುತ್ತುವಾಗ ಹೇಳು, ತಾತ ಅವನನ್ನು ನೋಡಲು ಬಾಗಿಲವರೆಗೂ ಬಂದಿದ್ದ ಎಂದು. ಬಾಗಿಲು ತೆಗೆಯಬೇಡ ಎಂದವಳು ಅಜ್ಜಿ ಎಂದೂ ಹೇಳು.

ನಿನ್ನ ಅವ್ವ,
ರುಖ್ಶಾನ